1819ರ ಲಂಡನ್ ‘ಹಾಬಿ ಹಾರ್ಸ್’ ಪ್ರಿಂಟುಗಳು: ಅಸಲಿ ಯಾವುದು, ಓದುವುದು ಹೇಗೆ?

ಹಳೇಗಾಲಿ:

ಮಾರಾಟಕ್ಕಿರುವ ಒಂದು ಪ್ರಿಂಟ್‌ನ ಸ್ಕ್ಯಾನ್ ಹಾಕಿದ್ದೇನೆ, ನೋಡಿ ಹೇಳಿ. ಅಗಲ ಸುಮಾರು 35 ಸೆಂ.ಮೀ., ಎತ್ತರ 24. ಕೈಯಲ್ಲೇ ಬಣ್ಣ ಹಚ್ಚಿದ ಹಾಗಿದೆ. ದಪ್ಪ ಮೈ, ಕೆಂಪು ಮುಖದ ದೊಡ್ಡಮನುಷ್ಯ. ಕೋಟಿನ ಬಲ ಎದೆಯ ಮೇಲೆ ನಕ್ಷತ್ರದ ಪದಕ. ಎರಡು ಗಾಲಿಯ ಮರದ ಗಾಡಿ ಮೇಲೆ ಕೂತು, ಕಾಲಲ್ಲಿ ನೆಲ ಒದೆಯುತ್ತ ದೂರದ ಕೋಟೆ ಕಡೆ ಹೊರಟಿದ್ದಾನೆ. ಪಕ್ಕದಲ್ಲಿ ನೇತಾಡುವ ಚೀಲದ ಮೇಲೆ 10,000 ಪೌಂಡ್ ಅಂತ ಬರೆದಿದೆ. ಕೆಳಗಿನ ಅಂಚು ಕತ್ತರಿಸಿ ಹೋಗಿದೆ, ಹಾಗಾಗಿ ಶೀರ್ಷಿಕೆಯೂ ಇಲ್ಲ, ಪ್ರಕಾಶಕರ ಹೆಸರೂ ಇಲ್ಲ. ಮಾರುವವರು ‘1819, ಇಂಗ್ಲೆಂಡ್, ಮೊದಲ ಸೈಕಲ್’ ಅಂತಷ್ಟೇ ಬರೆದಿದ್ದಾರೆ.

ಪೆಡಲ್ ಇಲ್ಲ, ಚೈನ್ ಇಲ್ಲ. ಮನುಷ್ಯ ಯಾರು, ಗಾಡಿ ಯಾವುದು, ಪ್ರಿಂಟ್ ಅಸಲಿಯೋ ನಕಲೋ?

ಮುದ್ರಾರಾಕ್ಷಸ:

ಶೀರ್ಷಿಕೆ ಇಲ್ಲದೆ ಇಂಥದ್ದೇ ಪ್ರಿಂಟ್ ಅಂತ ಹೇಳುವುದು ಕಷ್ಟ. ಆ ವರ್ಷ ಇದೇ ವಿಷಯಕ್ಕೆ ಹಲವು ಪ್ರಿಂಟುಗಳು ಬಂದವು. ಆದರೆ ಮನುಷ್ಯ ಯಾರು ಅನ್ನುವುದರಲ್ಲಿ ಅನುಮಾನ ಬೇಡ. ಹತ್ತು ಸಾವಿರ ಪೌಂಡ್, ಕೋಟೆ, ದಪ್ಪ ಮೈ ಮೂರೂ ಒಟ್ಟಿಗೆ ಬಂದರೆ ಅದು ಯಾರ್ಕ್‌ನ ಡ್ಯೂಕ್ ಫ್ರೆಡರಿಕ್, ಮೂರನೇ ಜಾರ್ಜ್ ದೊರೆಯ ಎರಡನೇ ಮಗ.

ದೊರೆಗೆ ಆಗ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಕಣ್ಣೂ ಹೋಗಿತ್ತು, ವಿಂಡ್ಸರ್ ಕೋಟೆಯಲ್ಲಿ ಇಟ್ಟಿದ್ದರು. ಆತನ ಮೇಲ್ವಿಚಾರಣೆ ರಾಣಿ ಷಾರ್ಲೆಟ್‌ಳದಾಗಿತ್ತು. ಆಕೆ 1818ರ ನವೆಂಬರ್ 17ರಂದು ತೀರಿಕೊಂಡಳು. ಜವಾಬ್ದಾರಿ ಈ ಮಗನಿಗೆ ಬಂತು. 1819ರ ಆರಂಭದಲ್ಲಿ ಅದಕ್ಕೆ ವರ್ಷಕ್ಕೆ 10,000 ಪೌಂಡ್ ಗೊತ್ತಾಯಿತು. ಹೆತ್ತ ತಂದೆಯನ್ನು ನೋಡಿ ಬರಲು ಮಗನಿಗೆ ಸಂಬಳವೇ ಅಂತ ಜನ ಉರಿದುಬಿದ್ದರು. ನೆಪೋಲಿಯನ್ ಯುದ್ಧ ಮುಗಿದು ನಾಲ್ಕು ವರ್ಷ, ಕೆಲಸವಿಲ್ಲದ ಸೈನಿಕರು ಬೀದಿಯಲ್ಲಿದ್ದ ಕಾಲ ಅದು.

ಅದೇ ವಾರಗಳಲ್ಲಿ ಲಂಡನ್ ಬೀದಿಗೆ ಈ ಮರದ ಗಾಡಿ, ಅಂದರೆ ‘ಹಾಬಿ ಹಾರ್ಸ್’, ಬಂತು. ಹುಲ್ಲು ಬೇಡ, ಲಾಯ ಬೇಡ, ಕುದುರೆ ನೋಡುವ ಆಳು ಬೇಡ. ಚಿತ್ರಕಾರರು ಎರಡನ್ನೂ ಜೋಡಿಸಿದರು: ಡ್ಯೂಕ್ ಕುದುರೆ ಖರ್ಚನ್ನೂ ಉಳಿಸಿ ಪೂರ್ತಿ ದುಡ್ಡು ಜೇಬಿಗಿಳಿಸುತ್ತಿದ್ದಾನೆ. ಒಂದು ಪ್ರಿಂಟ್‌ನ ಶೀರ್ಷಿಕೆಯ ತಾತ್ಪರ್ಯ ಹೀಗಿದೆ: ‘ಪ್ರಯಾಣದ ಖರ್ಚು ಉಳಿಸಿ ವರ್ಷದ 10,000 ಪೌಂಡಿನ ಪೂರ್ತಿ ಲಾಭ ಪಡೆಯುವುದು, ಅಂದರೆ ಸೋಮವಾರ ಹೋಗಿ ಶನಿವಾರ ವಾಪಸ್ಸಾಗುವುದು.’ ಅದರ ಬಾಲಕ್ಕೆ ಇನ್ನೊಂದು ಟಿಪ್ಪಣಿ: ‘ಈ ಗಾಡಿ ಜರ್ಮನ್ ಆವಿಷ್ಕಾರ.’ ಇದರಲ್ಲಿ ಎರಡು ಏಟಿವೆ. ಲಂಡನ್ನಿಂದ ವಿಂಡ್ಸರ್‌ಗೆ ಇರುವುದೇ ಸುಮಾರು 35 ಕಿ.ಮೀ., ವೇಗದ ಗಾಡಿ ಅಂತ ಹೆಸರಾದದ್ದಕ್ಕೆ ವಾರವಿಡೀ ಬೇಕಾಯಿತು ಅನ್ನುವುದು ಒಂದು. ರಾಜಮನೆತನವೂ ಜರ್ಮನಿಯ ಹ್ಯಾನೋವರ್‌ನದೇ ಸರಕು ಅನ್ನುವುದು ಇನ್ನೊಂದು.

ಹಳೇಗಾಲಿ:

ಭೇಷ್. ಆದರೆ ಪದಕ ಬಲಕ್ಕಿದೆಯಲ್ಲ? ಗಾರ್ಟರ್ ಎಂಬ ರಾಜಗೌರವದ ನಕ್ಷತ್ರ ಎಡ ಎದೆಗೆ ಹಾಕುತ್ತಾರೆ. ನಕಲು ಮಾಡುವಾಗ ಎಡಬಲ ಆಗಿದೆಯೇ?

ತಾಮ್ರಪಟ:

ಅದೊಂದನ್ನೇ ಹಿಡಿದು ನಕಲು ಅನ್ನಬೇಡಿ. ಎಚ್ಚಿಂಗ್‌ನಲ್ಲಿ, ಅಂದರೆ ಆಸಿಡ್‌ನಿಂದ ಗೆರೆ ಕೊರೆದು ಅಚ್ಚೊತ್ತುವ ಈ ಕ್ರಮದಲ್ಲಿ, ತಗಡಿನ ಮೇಲೆ ಹೇಗೆ ಬರೆಯುತ್ತೀರೋ ಅದರ ಕನ್ನಡಿ ಬಿಂಬ ಕಾಗದಕ್ಕೆ ಬರುತ್ತದೆ. ಅಕ್ಷರಗಳನ್ನಂತೂ ಉಲ್ಟಾ ಬರೆಯಲೇಬೇಕು, ಅದಕ್ಕೆ ಕೈಪಳಗಿದವರಿದ್ದರು. ಚಿತ್ರವನ್ನು ಮಾತ್ರ ಅವಸರದಲ್ಲಿ ನೇರವಾಗಿಯೇ ಗೀಚಿಬಿಡುತ್ತಿದ್ದರು. ಬಿಸಿ ಸುದ್ದಿಯ ಪ್ರಿಂಟ್ ಕೆಲವೇ ದಿನಗಳಲ್ಲಿ ಅಂಗಡಿಯ ಕಿಟಕಿಗೆ ಬರಬೇಕಿತ್ತು. ಹೀಗಾಗಿ ಬಲಕ್ಕೆ ಪದಕ, ಬಲ ಸೊಂಟಕ್ಕೆ ಕತ್ತಿ, ಎಡಗೈಯಲ್ಲಿ ಚಾವಟಿ ಅಸಲಿ ಪ್ರಿಂಟುಗಳಲ್ಲೂ ಕಾಣುತ್ತವೆ.

ಕೆಲಸದ ಕ್ರಮ ಹೇಳುತ್ತೇನೆ, ಆಮೇಲೆ ನಕಲು ಹಿಡಿಯುವುದು ಸುಲಭವಾಗುತ್ತದೆ. ಉಜ್ಜಿ ನಯ ಮಾಡಿದ ತಾಮ್ರದ ತಗಡನ್ನು ಬಿಸಿ ಮಾಡಿ ಮೇಣ, ರಾಳ, ಅಸ್ಫಾಲ್ಟ್ ಕೂಡಿಸಿದ ತೆಳು ಲೇಪ ಹಚ್ಚುತ್ತಾರೆ. ಗೆರೆ ಕಾಣಲಿ ಅಂತ ಮೇಣದಬತ್ತಿಯ ಹೊಗೆ ಹಿಡಿಸಿ ಕಪ್ಪು ಮಾಡುತ್ತಾರೆ. ಸೂಜಿಯಿಂದ ಬರೆದಲ್ಲಿ ಲೇಪ ಸರಿದು ತಾಮ್ರ ಬಯಲಾಗುತ್ತದೆ. ತಗಡಿನ ಅಂಚಿಗೆ ಮೇಣದ ಗೋಡೆ ಕಟ್ಟಿ, ನೀರು ಬೆರೆಸಿದ ನೈಟ್ರಿಕ್ ಆಸಿಡ್ ಹೊಯ್ದರೆ ಬಯಲಾದ ಗೆರೆಯನ್ನು ಅದು ತಿನ್ನುತ್ತದೆ. ದೂರದ ಕೋಟೆ ತೆಳ್ಳಗಿರಬೇಕೆ? ಸ್ವಲ್ಪ ಹೊತ್ತಿಗೆ ಆಸಿಡ್ ಚೆಲ್ಲಿ, ಆ ಭಾಗಕ್ಕೆ ವಾರ್ನಿಷ್ ಬಳಿದು, ಮಿಕ್ಕದ್ದಕ್ಕೆ ಮತ್ತೆ ಆಸಿಡ್. ಮುಂದಿನ ಗಾಲಿ, ಬೂಟು, ಹೊಟ್ಟೆಯ ಗೆರೆಗಳು ಹೀಗೆ ದಪ್ಪವಾಗುತ್ತವೆ. ಆಸಿಡ್ ಕಟುವಾದರೆ ಅಡ್ಡಗೆರೆ ಕೂಡುವಲ್ಲಿ ಲೇಪವೇ ಕಿತ್ತುಬಂದು ಕಪ್ಪು ಮಚ್ಚೆ ಬೀಳುತ್ತದೆ. ಅಗ್ಗದ ಪ್ರಿಂಟುಗಳಲ್ಲಿ ನೆರಳಿನ ಜಾಗದಲ್ಲಿ ಇದನ್ನು ನೋಡಬಹುದು.

ಅಚ್ಚಿಗೆ ಹಾಕುವಾಗ ತಗಡಿಗೆ ದಪ್ಪ ಮಸಿ ತಿಕ್ಕಿ, ಮೇಲಿನದನ್ನು ಒರೆಸಿ, ತೇವ ಮಾಡಿದ ಕಾಗದ ಇಟ್ಟು, ಮೇಲೆ ಉಣ್ಣೆಯ ಹೊದಿಕೆ ಹಾಸಿ ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಕಾಗದ ಗೆರೆಯೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಆದ್ದರಿಂದ ಅಸಲಿಯಲ್ಲಿ ಮಸಿ ಕಾಗದದಿಂದ ಕೂದಲೆಳೆಯಷ್ಟು ಉಬ್ಬಿರುತ್ತದೆ. ತಗಡಿನ ಅಂಚು ಒತ್ತಿದ ಚೌಕಾಕಾರದ ತಗ್ಗೂ ಉಳಿಯುತ್ತದೆ. ನಿಮ್ಮದರಲ್ಲಿ ಅಂಚು ಕತ್ತರಿಸಿರುವುದರಿಂದ ಆ ಸಾಕ್ಷಿ ಹೋಗಿರಬಹುದು.

ಕೀಲೆಣ್ಣೆ:

ಗಾಡಿಯ ಬಗ್ಗೆ ನಾನು ಹೇಳುತ್ತೇನೆ. ‘ಮೊದಲ ಸೈಕಲ್’ ಅನ್ನುವ ಮಾತು ಅರ್ಧ ಸರಿ.

ಮೂಲ ಯಂತ್ರ ಕಾರ್ಲ್ ಫಾನ್ ಡ್ರೈಸ್ ಎಂಬ, ಜರ್ಮನಿಯ ಬಾಡೆನ್ ಸಂಸ್ಥಾನದ ಅರಣ್ಯಾಧಿಕಾರಿಯದು. 1817ರ ಜೂನ್ 12ರಂದು ಮಾನ್‌ಹೈಮ್‌ನಿಂದ ಹೊರಟು ಸುಮಾರು 13 ಕಿ.ಮೀ. ದೂರವನ್ನು ಒಂದು ಗಂಟೆಯೊಳಗೆ ಹೋಗಿ ಬಂದ. ಮರದ್ದೇ ಚೌಕಟ್ಟು, ತೂಕ ಸುಮಾರು 22 ಕಿಲೋ, ಗಾಲಿ 27 ಇಂಚು. ಲಂಡನ್ನಿನ ಲಾಂಗ್ ಏಕರ್ ಬೀದಿಯ 75ನೇ ನಂಬರಿನಲ್ಲಿ ಸಾರೋಟು ಮಾಡುತ್ತಿದ್ದ ಡೆನಿಸ್ ಜಾನ್ಸನ್ ಅದನ್ನು ತಿದ್ದಿ 1818ರ ಡಿಸೆಂಬರ್ 22ರಂದು ಪೇಟೆಂಟ್ ತೆಗೆದುಕೊಂಡ. ಪೇಟೆಂಟಿನಲ್ಲಿ ಹೆಸರು ‘ಪೆಡೆಸ್ಟ್ರಿಯನ್ ಕರಿಕಲ್’. 1819ರ ಮೊದಲ ತಿಂಗಳುಗಳಲ್ಲಿ ಅವನ ಕಾರ್ಖಾನೆಯಿಂದ 300ಕ್ಕೂ ಮೇಲ್ಪಟ್ಟು ಗಾಡಿಗಳು ಹೊರಬಂದವು. ಬೆಲೆ 8ರಿಂದ 10 ಪೌಂಡ್.

ಜಾನ್ಸನ್ ಗಾಡಿಯ ಗುರುತು: ನಡುವಿನ ಮರದ ತೊಲೆ ಮಧ್ಯದಲ್ಲಿ ಕೆಳಕ್ಕೆ ಬಾಗಿರುತ್ತದೆ. ಹಾಗೆ ಬಾಗಿಸಿದ್ದರಿಂದ ಸವಾರನನ್ನು ಎತ್ತರಿಸದೆ ಗಾಲಿಯನ್ನು ಸುಮಾರು 30 ಇಂಚಿಗೆ ಏರಿಸಲು ಆಯಿತು. ಗಾಲಿ ಹಿಡಿಯುವ ಕವಲುಗಳು ಡ್ರೈಸ್‌ನದರಲ್ಲಿ ಮರ, ಇವನದರಲ್ಲಿ ಕಬ್ಬಿಣ. ಗಾಲಿಗೆ ಮರದ ಅರೆಕಾಲು (ಕಡ್ಡಿ), ಮೇಲೆ ಎತ್ತಿನ ಗಾಡಿಗೆ ಹಾಕುವಂಥ ಕಬ್ಬಿಣದ ಪಟ್ಟಿ. ತೊಲೆಯ ಮೇಲೆ ಮೆತ್ತನೆ ಆಸನ. ಅದರ ಮುಂದೆ ಮೊಣಕೈ ಊರಲು ಅಡ್ಡಹಲಗೆ, ಅದಕ್ಕೂ ಮೆತ್ತೆ. ಇನ್ನೂ ಮುಂದೆ ಚುಕ್ಕಾಣಿ. ಡ್ರೈಸ್ ಗಾಡಿಯಲ್ಲಿ ಹಗ್ಗ ಎಳೆದರೆ ಹಿಂದಿನ ಗಾಲಿಗೆ ಒತ್ತುವ ಬ್ರೇಕ್ ಇತ್ತು. ಜಾನ್ಸನ್‌ನದಕ್ಕೆ ಅದೂ ಇಲ್ಲ.

ಓಡಿಸುವುದು ನಡಿಗೆಯ ಉದ್ದ ಹೆಜ್ಜೆಯಂತೆ, ಒಂದು ಕಾಲಾದ ಮೇಲೆ ಒಂದು. ಭಾರ ಪೂರ್ತಿ ಆಸನದ ಮೇಲಿರಬೇಕು, ಕಾಲಿನ ಮುಂಪಾದವಷ್ಟೇ ನೆಲ ಮುಟ್ಟಬೇಕು. ಗಾಡಿ ಒಂದು ಕಡೆ ವಾಲಿದರೆ ಮೊಣಕೈಯನ್ನು ಅಡ್ಡಹಲಗೆಗೆ ಒತ್ತಿ ಸಮ ಮಾಡಿಕೊಳ್ಳಬೇಕು. ಹಲಗೆ ಇರುವುದೇ ಅದಕ್ಕೆ. ಇಳಿಜಾರಿನಲ್ಲಿ ಎರಡೂ ಕಾಲೆತ್ತಿದರೆ ತಾನೇ ಓಡುತ್ತದೆ, ನಿಲ್ಲಿಸಲು ಬೂಟಿನ ಅಟ್ಟೆಯೇ ಗತಿ. ಆಸನ ಎತ್ತರವಾದರೆ ತೊಡೆಸಂದಿಗೆ ಪೆಟ್ಟು, ಗಿಡ್ಡವಾದರೆ ಮಂಡಿ ಮಡಿಸಿ ಒದೆಯಲಾಗದು. ಅಂತ್ರವೃದ್ಧಿ, ಅಂದರೆ ಹರ್ನಿಯಾ ಆಗುತ್ತದೆ ಎಂಬ ಭಯ ಆಗ ಬಲವಾಗಿತ್ತು. ಪ್ರಿಂಟುಗಳಲ್ಲಿ ಅದರ ಪೋಲಿ ಜೋಕುಗಳೂ ಇವೆ.

ಹಳೇಗಾಲಿಯವರೇ, ನಿಮ್ಮ ಸ್ಕ್ಯಾನ್‌ನಲ್ಲಿ ತೊಲೆ ಬಾಗಿದೆಯೇ, ಅಡ್ಡಹಲಗೆ ಇದೆಯೇ?

ಹಳೇಗಾಲಿ:

ತೊಲೆ ಬಾಗಿದೆ, ಅದರ ತುದಿಯಲ್ಲಿ ಕುದುರೆ ತಲೆ ಕೆತ್ತಿದ ಹಾಗಿದೆ! ಅಡ್ಡಹಲಗೆ ಇದೆ. ಆದರೆ ಮುಂದಿನ ಗಾಲಿ ತಿರುಗುವ ಕೀಲೇ ಕಾಣುತ್ತಿಲ್ಲ. ಕವಲು ಸೀದಾ ತೊಲೆಗೆ ಅಂಟಿಕೊಂಡಿದೆ.

ಕೀಲೆಣ್ಣೆ:

ಕುದುರೆ ತಲೆ ಚಿತ್ರಕಾರನ ಕೊಡುಗೆ, ಜಾನ್ಸನ್ ಮಾರುತ್ತಿದ್ದ ಗಾಡಿಗೆ ತಲೆ ಇರಲಿಲ್ಲ. ಕೀಲಿಲ್ಲದ ಗಾಡಿ ಆ ಪ್ರಿಂಟುಗಳಲ್ಲಿ ಸಾಮಾನ್ಯ. ಚಿತ್ರಕಾರ ಗಾಡಿಯನ್ನು ಕೈಯಲ್ಲಿ ಹಿಡಿದು ನೋಡದೆ ಪಕ್ಕದ ಅಂಗಡಿಯ ಪ್ರಿಂಟ್ ನೋಡಿ ಬರೆದಿದ್ದಾನೆ ಅನ್ನುವುದಕ್ಕೆ ಅದೇ ಗುರುತು. ಅಂಥ ಗಾಡಿ ಹತ್ತು ಗಜವೂ ಹೋಗದು. ಎರಡು ಗಾಲಿಯದು ನಿಲ್ಲುವುದೇ ಬೀಳುವ ಕಡೆಗೆ ಮುಂದಿನ ಗಾಲಿ ತಿರುಗಿಸುವುದರಿಂದ.

ಆದ್ದರಿಂದ ಯಂತ್ರದ ವಿವರ ಬೇಕಿದ್ದವರು ವ್ಯಂಗ್ಯ ಪ್ರಿಂಟುಗಳನ್ನು ಆಧಾರ ಮಾಡಿಕೊಳ್ಳಬೇಡಿ. ಆಕರ್‌ಮನ್ ಮಾಸಪತ್ರಿಕೆಯ 1819ರ ಫೆಬ್ರವರಿ ಸಂಚಿಕೆಯ ಚಿತ್ರಪಟ ಇದೆ. ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿ ಜಾನ್ಸನ್ ಗಾಡಿಯೇ ಇದೆ. ವ್ಯಂಗ್ಯ ಪ್ರಿಂಟ್ ಹೇಳುವುದು ಜನ ಯಾಕೆ ನಕ್ಕರು ಅನ್ನುವುದನ್ನು. ಗಾಡಿ ಹೇಗಿತ್ತು ಅನ್ನುವುದನ್ನಲ್ಲ.

ಮುದ್ರಾರಾಕ್ಷಸ:

ಕೊನೆಯ ಮಾತಿಗೆ ಸ್ವಲ್ಪ ತಕರಾರು. ಅಡ್ಡಹಲಗೆ ಹೇಗೆ ಬಳಸುತ್ತಿದ್ದರು, ಯಾವ ಬೀದಿಯಲ್ಲಿ, ಯಾವ ಬಟ್ಟೆಯಲ್ಲಿ ಓಡಿಸುತ್ತಿದ್ದರು ಅನ್ನುವುದಕ್ಕೆ ಈ ಪ್ರಿಂಟುಗಳೇ ನಮಗೆ ಸಿಗುವ ದೊಡ್ಡ ರಾಶಿ. ಸವಾರಿ ಶಾಲೆಯನ್ನೇ ತೆಗೆದುಕೊಳ್ಳಿ. ಜಾನ್ಸನ್ ಸ್ಟ್ರ್ಯಾಂಡ್‌ನ 377ರಲ್ಲೂ ಗೋಲ್ಡನ್ ಸ್ಕ್ವೇರ್ ಹತ್ತಿರ ಬ್ರೂಯರ್ ಬೀದಿಯ 40ರಲ್ಲೂ ಶಾಲೆ ನಡೆಸಿದ್ದು ನಮಗೆ ಕಣ್ಣಿಗೆ ಕಟ್ಟುವುದು ಪ್ರಿಂಟುಗಳಿಂದಲೇ. ಒಳಾಂಗಣ, ಸುತ್ತ ನಿಂತು ನೋಡುವವರು, ಬೀಳುವವರು ಎಲ್ಲ ಅಲ್ಲಿದೆ. ಕೀಲು ಬಿಟ್ಟುಹೋಗಿರಬಹುದು, ಸುಳ್ಳಲ್ಲ.

ಕೀಲೆಣ್ಣೆ:

ಒಪ್ಪಿದೆ, ಬಟ್ಟೆ-ಬೀದಿಗೆ. ಅಳತೆಗೆ ಮಾತ್ರ ಬೇಡ.

ಪದಬಂಧ:

ಒಂದು ಭಾಷೆಯ ಪ್ರಶ್ನೆ. ‘ಹಾಬಿ ಹಾರ್ಸ್’ಗೆ ಕನ್ನಡದಲ್ಲಿ ಏನನ್ನೋಣ? ಕೆಲವರು ‘ಕೀಲುಕುದುರೆ’ ಅಂತ ಬರೆದದ್ದು ಕಾಣುತ್ತಿದೆ.

ಮುದ್ರಾರಾಕ್ಷಸ:

ಈ ಪದದ ಶ್ಲೇಷೆ ಗೊತ್ತಿಲ್ಲದಿದ್ದರೆ ಅರ್ಧ ಪ್ರಿಂಟುಗಳು ಅರ್ಥವಾಗುವುದಿಲ್ಲ. ಇಂಗ್ಲಿಷಿನಲ್ಲಿ ಆ ಮಾತಿಗೆ ಮೂರು ಪದರ ಇತ್ತು. ಮಕ್ಕಳು ಕಾಲ ಸಂದಿಯಲ್ಲಿ ಇಟ್ಟುಕೊಂಡು ಓಡುವ ಕೋಲುಕುದುರೆ. ಹಳ್ಳಿಯ ಮಾರಿಸ್ ಕುಣಿತದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಕುದುರೆ, ಇದು ನಮ್ಮ ಕೀಲುಕುದುರೆಗೆ ಹತ್ತಿರ. ಮೂರನೆಯದು ಒಬ್ಬನಿಗೆ ಹಿಡಿದ ಗೀಳು, ಚಟ. ಇವತ್ತಿನ ‘ಹಾಬಿ’ ಬಂದದ್ದು ಅಲ್ಲಿಂದಲೇ. ಆಮೇಲೆ ನಾಲ್ಕನೆಯದಾಗಿ ಈ ಗಾಡಿ ಸೇರಿತು.

‘ಎವ್ರಿ ಒನ್ ಹಿಸ್ ಹಾಬಿ’ ಎಂಬ ಪ್ರಿಂಟ್ ಇದೆ. ಹೆಸರೇ ಹೇಳುವಂತೆ ಒಬ್ಬೊಬ್ಬರಿಗೆ ಒಂದೊಂದು ಗೀಳು, ಆ ಗೀಳೇ ಅವರವರ ವಾಹನ. ‘ದ ಚಾನ್ಸೆಲರ್ಸ್ ಹಾಬಿ ಆರ್ ಮೋರ್ ಟ್ಯಾಕ್ಸಸ್ ಫಾರ್ ಜಾನ್ ಬುಲ್’ ಅಂದರೆ ಹಣಕಾಸು ಮಂತ್ರಿಯ ಗೀಳು ತೆರಿಗೆ. ಬ್ರಿಟಿಷ್ ಪ್ರಜೆಯ ಪ್ರತೀಕವಾದ ಜಾನ್ ಬುಲ್ ಮೇಲೆ ಇನ್ನಷ್ಟು ಹೊರೆ. ಇಲ್ಲಿ ಗಾಡಿ ನೆಪ ಮಾತ್ರ, 1819ರ ಹೊಸ ತೆರಿಗೆಯೇ ವಿಷಯ.

ಪದಬಂಧ:

ಹಾಗಾದರೆ ‘ಕೀಲುಕುದುರೆ’ ಅನ್ನುವುದು ಒಂದೇ ಪದರ ಹಿಡಿಯುತ್ತದೆ. ಗಾಡಿಗೆ ‘ಮರಗುದುರೆ’, ಶ್ಲೇಷೆ ಇರುವಲ್ಲಿ ‘ಹಾಬಿ’ ಅಂತಲೇ ಬಿಡುವುದು ಸರಿ. ‘ಗೀಳುಗುದುರೆ’ ಅನ್ನಬಹುದು, ಆದರೆ ಕಿವಿಗೆ ಒರಟು.

ಮುದ್ರಾರಾಕ್ಷಸ:

‘ಗೀಳುಗುದುರೆ’ ನನಗೆ ಹಿಡಿಸಿತು. ಒರಟಾದರೂ ಆ ಕಾಲದ ಪ್ರಿಂಟುಗಳಿಗಿಂತ ಒರಟಲ್ಲ. ‘ದ ಫೀಮೇಲ್ ರೇಸ್! ಆರ್ ಡ್ಯಾಂಡಿ ಚಾರ್ಜರ್ಸ್ ರನ್ನಿಂಗ್ ಇಂಟು ಮೇಡನ್‌ಹೆಡ್’ ಶೀರ್ಷಿಕೆ ನೋಡಿ. ಮೇಡನ್‌ಹೆಡ್ ಥೇಮ್ಸ್ ದಂಡೆಯ ನಿಜವಾದ ಊರು. ಅದೇ ಪದಕ್ಕೆ ಕನ್ಯತ್ವ ಎಂಬ ಅರ್ಥವೂ ಇದೆ. ಹೆಂಗಸರ ಪ್ರಿಂಟುಗಳಲ್ಲಿ ಹೆಚ್ಚಿನವು ಇದೇ ದರ್ಜೆಯವು. ತೊಲೆಯನ್ನು ಕೆಳಗಿಳಿಸಿ ಲಂಗಕ್ಕೆ ಜಾಗ ಬಿಟ್ಟ ಹೆಂಗಸರ ಗಾಡಿಯನ್ನೂ ಜಾನ್ಸನ್ 1819ರಲ್ಲಿ ಮಾಡಿದ್ದ. ಚಿತ್ರಕಾರರು ಅದನ್ನು ಬೇಕೆಂದೇ ಬಿಟ್ಟು ಗಂಡಸರ ಗಾಡಿಯ ಮೇಲೇ ಕೂರಿಸಿದರು, ಲಂಗ ಮೇಲೇರಲಿ ಅಂತ. ಪ್ರಿಂಟ್‌ನಲ್ಲಿ ಹೆಂಗಸು ಯಾವ ಗಾಡಿಯ ಮೇಲಿದ್ದಾಳೆ ನೋಡಿದರೆ ಜಾಹೀರಾತೋ ಲೇವಡಿಯೋ ತಿಳಿಯುತ್ತದೆ.

ದೊರೆಮಗನನ್ನೂ ಬಿಡಲಿಲ್ಲ. ‘ರಾಯಲ್ ಹಾಬೀಸ್ ಆರ್ ದ ಹರ್ಟ್‌ಫರ್ಡ್‌ಷೈರ್ ಕಾಕ್ ಹಾರ್ಸ್’ನಲ್ಲಿ ಪ್ರಿನ್ಸ್ ರೀಜೆಂಟೇ, ಅಂದರೆ ತಂದೆಯ ಬದಲು ರಾಜ್ಯಭಾರ ಮಾಡುತ್ತಿದ್ದ ಹಿರಿಯ ಮಗನೇ, ಗಾಡಿಯಾಗಿ ಬೋರಲು ಮಲಗಿದ್ದಾನೆ, ಲೇಡಿ ಹರ್ಟ್‌ಫರ್ಡ್ ಅವನ ಬೆನ್ನೇರಿದ್ದಾಳೆ. ಆಕೆ ಅವನ ಆಪ್ತೆ ಅನ್ನುವುದು ಊರಿಗೆಲ್ಲ ಗೊತ್ತು. ಇನ್ನು ಕೆಲವು ಶೀರ್ಷಿಕೆಗಳಲ್ಲಿ ‘ಪ್ರಿನ್ಸ್’ ಪದದ ಮೊದಲ ಮತ್ತು ಕೊನೆಯ ಅಕ್ಷರ ಮಾತ್ರ ಬರೆದು ನಡುವೆ ನಾಲ್ಕು ನಕ್ಷತ್ರ ಹಾಕಿದ್ದಾರೆ. ಮಾನನಷ್ಟದ ಮೊಕದ್ದಮೆಗೆ ಅದು ತೆಳು ಪರದೆ ಅಷ್ಟೆ, ಓದುವವರಿಗೆ ಒಗಟೇನಲ್ಲ. ಈ ಲೇವಡಿ ಎಷ್ಟು ಚುಚ್ಚಿತೆಂದರೆ, ಇವನೇ ದೊರೆಯಾದ ಮೇಲೆ 1820ರ ಜೂನ್‌ನಲ್ಲಿ ವ್ಯಂಗ್ಯ ಚಿತ್ರಕಾರ ಜಾರ್ಜ್ ಕ್ರುಕ್‌ಶಾಂಕ್‌ಗೆ 100 ಪೌಂಡ್ ಕೊಟ್ಟು, ದೊರೆಯನ್ನು ಅನೈತಿಕ ಸನ್ನಿವೇಶದಲ್ಲಿ ಬರೆಯುವುದಿಲ್ಲ ಅಂತ ಬರೆಸಿಕೊಂಡರು.

ಹಳೇಗಾಲಿ:

100 ಪೌಂಡಿಗೆ ಆಗ ಹನ್ನೊಂದು ಹನ್ನೆರಡು ಗಾಡಿ ಬರುತ್ತಿತ್ತು! ಪ್ರಿಂಟ್ ಬೆಲೆ ಎಷ್ಟಿತ್ತು?

ತಾಮ್ರಪಟ:

ಚೀಪ್‌ಸೈಡ್‌ನ 111ರಲ್ಲಿದ್ದ ಥಾಮಸ್ ಟೆಗ್ ಅಗ್ಗದವನು: ಬಣ್ಣ ಹಚ್ಚಿದ್ದು ಒಂದು ಶಿಲಿಂಗ್. ಪಿಕಾಡಿಲಿಯ ಫೋರ್ಸ್, ಸೇಂಟ್ ಜೇಮ್ಸ್ ಬೀದಿಯ ಹಂಫ್ರಿಯಂಥವರ ಅಂಗಡಿಯಲ್ಲಿ ಅದರ ಎರಡರಷ್ಟು, ಇನ್ನೂ ಹೆಚ್ಚು. 20 ಶಿಲಿಂಗ್‌ಗೆ ಒಂದು ಪೌಂಡ್. ಎಂಟು ಪೌಂಡಿನ ಗಾಡಿಯ ಬೆಲೆಗೆ ಟೆಗ್‌ನ 160 ಪ್ರಿಂಟು. ಕೊಳ್ಳಲಾಗದವರು ಅಂಗಡಿಯ ಕಿಟಕಿ ಮುಂದೆ ಗುಂಪುಗೂಡಿ ಪುಕ್ಕಟೆ ನೋಡುತ್ತಿದ್ದರು. ಫೋರ್ಸ್ ಪ್ರಿಂಟುಗಳ ಕಟ್ಟನ್ನು ಒಂದು ಸಂಜೆಗೆ ಬಾಡಿಗೆಗೂ ಕೊಡುತ್ತಿದ್ದ.

ಟೆಗ್ ಪ್ರಿಂಟ್ ಅಂದಾಕ್ಷಣ ಮೂಗು ಮುರಿಯುವವರಿದ್ದಾರೆ. ಕಾಗದ ತೆಳು, ಬಣ್ಣ ಗಾಢ, ಗೆರೆಯಾಚೆ ಚೆಲ್ಲಿರುತ್ತದೆ ನಿಜ. ಆದರೆ ಮರಗುದುರೆಯ ವಿಷಯದಲ್ಲಿ ಅವನ ಸರಕಿನಲ್ಲೇ ಹೆಚ್ಚು ಜೀವ ಇದೆ ಅನ್ನುವುದು ನನ್ನ ಎಣಿಕೆ.

ಕೀಲೆಣ್ಣೆ:

ಕುಶಲಕರ್ಮಿಗಳ ದೃಷ್ಟಿಯಿಂದ ನೋಡಿದರೆ ಎಲ್ಲದಕ್ಕಿಂತ ಒಳ್ಳೆಯದು ‘ಆಂಟಿ-ಡ್ಯಾಂಡಿ ಇನ್‌ಫೆಂಟ್ರಿ ಟ್ರಯಂಫಂಟ್’. ಕಮ್ಮಾರ ಸುತ್ತಿಗೆ ಎತ್ತಿ ಗಾಡಿಯನ್ನು ಪುಡಿಮಾಡುತ್ತಿದ್ದಾನೆ, ಕುದುರೆ ವೈದ್ಯ ಬಿದ್ದ ಶೋಕಿಲಾಲನಿಗೆ ಕುದುರೆ ಮದ್ದಿನ ಉಪಚಾರ ಮಾಡುತ್ತಿದ್ದಾನೆ. ಲಾಳ ಬೇಡದ, ಕಾಯಿಲೆ ಬೀಳದ ಕುದುರೆ ಬಂದರೆ ಇಬ್ಬರ ಹೊಟ್ಟೆಗೂ ಕಲ್ಲು. ಇದಕ್ಕೆ ಎದುರು ನಿಲ್ಲುವುದು ರಾಬರ್ಟ್ ಕ್ರುಕ್‌ಶಾಂಕ್‌ನ ‘ಮ್ಯಾಚ್ ಅಗೇನ್‌ಸ್ಟ್ ಟೈಮ್ ಆರ್ ವುಡ್ ಬೀಟ್ಸ್ ಬ್ಲಡ್ ಅಂಡ್ ಬೋನ್’. ರಕ್ತಮೂಳೆಯ ಕುದುರೆಯನ್ನು ಮರ ಸೋಲಿಸಿತು ಅನ್ನುವ ಮಾತು.

ಶೋಕಿಲಾಲನ ಬಟ್ಟೆಯೂ ಇಸವಿ ಹೇಳುತ್ತದೆ. ಕಿವಿವರೆಗೆ ಏರಿದ ಬಿಳಿ ಕೊರಳಪಟ್ಟಿ, ತಲೆ ತಿರುಗಿಸಲೂ ಆಗದಷ್ಟು ಗಡುಸು. ಒಳಗೆ ಬಿಗಿಪಟ್ಟಿ ಕಟ್ಟಿದ ಸಣ್ಣ ಸೊಂಟ. ಮೇಲೆ ಅಗಲವಾಗುವ ಟೋಪಿ. ಇದು 1818-19ರ ಡ್ಯಾಂಡಿ. ಗಾಡಿಗೆ ‘ಡ್ಯಾಂಡಿ ಹಾರ್ಸ್’ ಎಂಬ ಹೆಸರು ಬಂದದ್ದು ಇವನಿಂದ.

ಪದಬಂಧ:

ಒಂದು ಚಿತ್ರದಲ್ಲಿ ಗಡ್ಡದ ಮನುಷ್ಯ ಮುಂದಿನ ದೊಡ್ಡ ಗಾಲಿಗೆ ಪೆಡಲ್ ಇರುವ ಗಾಡಿಯ ಮೇಲಿದ್ದಾನೆ, ಕೆಳಗೆ ಸಂಭಾಷಣೆ ಅಚ್ಚಕ್ಷರದಲ್ಲಿದೆ. ಇದೂ ‘ಜಾರ್ಜಿಯನ್ ಪ್ರಿಂಟ್’, ಅಂದರೆ ಜಾರ್ಜ್ ದೊರೆಗಳ ಕಾಲದ್ದು ಅಂತ ಮಾರುತ್ತಿದ್ದಾರೆ.

ಮುದ್ರಾರಾಕ್ಷಸ:

1819ರ ಲೆಕ್ಕಕ್ಕೆ ಕಡಿಮೆಯೆಂದರೆ ಐವತ್ತು ವರ್ಷದ ಸುಳ್ಳು. ಮುಂದಿನ ಗಾಲಿಗೆ ಪೆಡಲ್ ಬಂದದ್ದು 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ. ಇಂಗ್ಲೆಂಡಿನಲ್ಲಿ ಅದರ ಹುಚ್ಚು ಹತ್ತಿದ್ದು 1869ರಲ್ಲಿ. ಮುಂದಿನ ಗಾಲಿ ತೀರ ದೊಡ್ಡದಾದದ್ದು 1870ರ ದಶಕದಲ್ಲಿ. ಕೆಳಗೆ ಅಚ್ಚುಮೊಳೆಯ ಸಂಭಾಷಣೆ ಇದ್ದರೆ ‘ಪಂಚ್’ನಂಥ ವಾರಪತ್ರಿಕೆಯಿಂದ ಕತ್ತರಿಸಿದ ಹಾಳೆ. ‘ಪಂಚ್’ ಶುರುವಾದದ್ದೇ 1841ರಲ್ಲಿ.

ತಾಮ್ರಪಟ:

ತಂತ್ರದಿಂದಲೂ ಗೊತ್ತಾಗುತ್ತದೆ. ಪತ್ರಿಕೆಯ ಚಿತ್ರಗಳು ಬಾಕ್ಸ್‌ವುಡ್ ಮರದ ಅಡ್ಡಕೊಯ್ತದ ಮೇಲೆ ಕೊರೆದ ಅಚ್ಚು. ಅಲ್ಲಿ ಉಬ್ಬಿದ ಭಾಗಕ್ಕೆ ಮಸಿ, ಕೊರೆದ ಭಾಗ ಬಿಳಿ. ಅಚ್ಚುಮೊಳೆಯ ಜೊತೆಗೇ ಒತ್ತುವುದರಿಂದ ತಗಡಿನ ತಗ್ಗು ಇರುವುದಿಲ್ಲ, ಹಿಂದುಗಡೆ ಬರಹವಿರುತ್ತದೆ ಅಥವಾ ಅದರ ನೆರಳು ಕಾಣುತ್ತದೆ. ಬಣ್ಣ ಇದ್ದರೆ ಅದು ಆಮೇಲೆ ಯಾರೋ ಫ್ರೇಮಿಗೆ ಚೆನ್ನಾಗಿರಲಿ ಅಂತ ಬಳಿದದ್ದು.

ಹಳೇಗಾಲಿಯವರ ಪ್ರಿಂಟ್‌ಗೆ ಬರೋಣ. ಸ್ಕ್ಯಾನ್ ಸಾಲದು, ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆಯೇ ಕೇಳಿ. ಮೊದಲು ಹತ್ತುಪಟ್ಟು ತೋರಿಸುವ ಭೂತಗನ್ನಡಿ ಹಿಡಿದು ಡ್ಯೂಕನ ಕೋಟಿನ ಬಣ್ಣ ನೋಡಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳ ಹೂವಿನಂಥ ಸಾಲು ಕಂಡರೆ ಆಫ್‌ಸೆಟ್, ಅಂದರೆ ಈಚಿನ ಯಂತ್ರದ ಅಚ್ಚು, ಅಲ್ಲಿಗೆ ಮಾತು ಮುಗಿಯಿತು. ಚುಕ್ಕೆ ಇಲ್ಲ ಅಂದರೆ ಗೆರೆ ನೋಡಿ. ಎಚ್ಚಿಂಗ್ ಗೆರೆಯ ತುದಿ ಮೊಂಡು, ಅಂಚು ಆಸಿಡ್ ತಿಂದು ಸ್ವಲ್ಪ ತರಚಿದಂತೆ, ಓರೆ ಬೆಳಕಲ್ಲಿ ಮಸಿ ಉಬ್ಬಿದೆ. ಫೋಟೊ ತೆಗೆದು ಮಾಡಿದ ಹಳೇ ನಕಲುಗಳಲ್ಲಿ ಗೆರೆ ಚಪ್ಪಟೆ, ಕಪ್ಪು ಎಲ್ಲ ಕಡೆ ಒಂದೇ ಮಟ್ಟ.

ಆಮೇಲೆ ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ. ಆ ಕಾಲದ ಕಾಗದ ಚಿಂದಿ ಬಟ್ಟೆಯದು. ವಾಟರ್‌ಮಾರ್ಕ್‌ನಲ್ಲಿ ‘ಜೆ ವಾಟ್‌ಮನ್’ನಂಥ ಕಾಗದ ತಯಾರಕರ ಹೆಸರಿನ ಜೊತೆ ಇಸವಿಯೂ ಇರಬಹುದು. 1794ರ ತೆರಿಗೆ ಕಾಯಿದೆಯಿಂದ ಕಾಗದಕ್ಕೆ ಇಸವಿ ಹಾಕುವ ರೂಢಿ ಬಂತು, ಕಡ್ಡಾಯ ಹೋದ ಮೇಲೂ ಗಿರಣಿಗಳು ಬಿಡಲಿಲ್ಲ. 1817, 1818 ಇದ್ದರೆ ಹೊಂದುತ್ತದೆ. 1825 ಇದ್ದರೆ ತಗಡು ಅಸಲಿ, ಅಚ್ಚು ಹಾಕಿದ್ದು ತಡವಾಗಿ. ಹಳೇ ತಗಡು ಕೊಂಡು ಮತ್ತೆ ಒತ್ತುವುದು ಆ ಧಂದೆಯಲ್ಲಿ ಮಾಮೂಲು. ಸವೆದ ತಗಡಿನಲ್ಲಿ ಮೊದಲು ಮಾಯವಾಗುವುದು ತೆಳು ಗೆರೆ, ಅಂದರೆ ದೂರದ ಕೋಟೆ, ಮೋಡ. ವಾಟರ್‌ಮಾರ್ಕ್ ಇಲ್ಲದಿದ್ದರೆ ನಕಲು ಅಂತಲ್ಲ. ದೊಡ್ಡ ಹಾಳೆಯನ್ನು ಕತ್ತರಿಸಿದಾಗ ಅದು ಬೇರೆ ತುಂಡಿಗೆ ಹೋಗಿರುತ್ತದೆ.

ಕೊನೆಗೆ ಕತ್ತಲಲ್ಲಿ ಯುವಿ ದೀಪ. ಕಾಗದ ನೀಲಿಬಿಳಿಯಾಗಿ ಹೊಳೆದರೆ 1950ರ ಆಚೀಚೆ ಕಾಗದಕ್ಕೆ ಸೇರಿಸತೊಡಗಿದ ಬೆಳ್ಳಗೆ ಮಾಡುವ ರಾಸಾಯನಿಕ ಇದೆ ಅಂತ. ಹಳೇ ಚಿಂದಿ ಕಾಗದ ಮಂಕಾಗಿಯೇ ಇರುತ್ತದೆ.

ಹಳೇಗಾಲಿ:

ಕೆಳ ಅಂಚು ಇಲ್ಲದ್ದರಿಂದ ಬೆಲೆ ಎಷ್ಟು ಇಳಿಯಬೇಕು?

ಮುದ್ರಾರಾಕ್ಷಸ:

ಶೇಕಡಾ ಇಷ್ಟು ಅಂತ ಸೂತ್ರ ಇಲ್ಲ, ಆದರೆ ದೊಡ್ಡ ಕೊರತೆಯೇ. 1735ರ ಹೊಗಾರ್ತ್ ಕಾಯಿದೆ ಪ್ರಕಾರ ಹಕ್ಕು ಉಳಿಯಬೇಕಾದರೆ ಪ್ರಕಟಣೆಯ ದಿನಾಂಕ, ಮಾಲೀಕನ ಹೆಸರು ತಗಡಿನ ಮೇಲೇ ಇರಬೇಕಿತ್ತು. ಹೀಗಾಗಿ ಆ ಒಂದು ಸಾಲಿನಲ್ಲಿ ತಿಂಗಳು, ಅಂಗಡಿ, ಬೀದಿ ಎಲ್ಲ ಸಿಗುತ್ತದೆ. ಚಿತ್ರಕಾರನ ಸಹಿ ಎಷ್ಟೋ ಪ್ರಿಂಟುಗಳಲ್ಲಿ ಇರುವುದೇ ಇಲ್ಲ, ಮಾರುವವರು ಎಲ್ಲದಕ್ಕೂ ‘ಕ್ರುಕ್‌ಶಾಂಕ್’ ಅಂತ ಬರೆದುಬಿಡುತ್ತಾರೆ, ಅಣ್ಣ ರಾಬರ್ಟೋ ತಮ್ಮ ಜಾರ್ಜೋ ಅದನ್ನೂ ಹೇಳುವುದಿಲ್ಲ. ಸಹಿ ಇಲ್ಲದ ಕಡೆ ಆ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ.

ಪೂರ್ತಿ ಪ್ರತಿ ಯಾವುದೆಂದು ತಿಳಿಯಲು ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹ ಹುಡುಕಿ. ಡೊರೊಥಿ ಜಾರ್ಜ್ ಮಾಡಿದ ಪಟ್ಟಿಯಲ್ಲಿ ಪ್ರತಿ ವ್ಯಂಗ್ಯ ಪ್ರಿಂಟ್‌ಗೂ ಒಂದು ಸಂಖ್ಯೆ ಇದೆ, 1811ರಿಂದ 1819ರವು ಒಂಬತ್ತನೇ ಸಂಪುಟದಲ್ಲಿ. ಆನ್‌ಲೈನಿನಲ್ಲಿ ‘ಡ್ಯೂಕ್ ಆಫ್ ಯಾರ್ಕ್’, ‘ವೆಲಾಸಿಪೀಡ್’ (ಈ ಗಾಡಿಯ ಇನ್ನೊಂದು ಹೆಸರು), 1819 ಮೂರನ್ನೂ ಕೂಡಿಸಿ ಹುಡುಕಿದರೆ ರಾಶಿ ಸಣ್ಣದಾಗುತ್ತದೆ. ಚೀಲದ ಬರಹ, ಕುದುರೆ ತಲೆ, ಕೋಟೆ ಎಡಕ್ಕೋ ಬಲಕ್ಕೋ ಹೋಲಿಸಿ. ಎಲ್ಲ ಒಂದೇ, ಎಡಬಲ ಮಾತ್ರ ಬದಲು ಅಂದರೆ ಇನ್ನೊಬ್ಬ ಪ್ರಕಾಶಕ ಕದ್ದು ಗೀಚಿದ ಪ್ರತಿ ಇರಬಹುದು. ಅದೂ ಆ ಕಾಲದ್ದೇ ಆಗಿರಬಹುದು, ಎಸೆಯಬೇಡಿ.

ಪದಬಂಧ:

ಈ ಗಾಡಿಯ ಪ್ರಿಂಟುಗಳೆಲ್ಲ ಒಂದೇ ವರ್ಷದವು ಯಾಕೆ?

ಕೀಲೆಣ್ಣೆ:

ಗಾಡಿಯೇ ಒಂದು ಬೇಸಿಗೆ ಬಾಳಿತು. ರಸ್ತೆಯಲ್ಲಿ ಸಾರೋಟಿನ ಗಾಲಿ ಕೊರೆದ ಹಳ್ಳ, ಒದ್ದೆ ಕಲ್ಲಿನ ಮೇಲೆ ಕಬ್ಬಿಣದ ಪಟ್ಟಿ ಜಾರುತ್ತದೆ. ಸವಾರರು ಫುಟ್‌ಪಾತ್ ಹತ್ತಿದರು, ನಡೆಯುವವರ ಮೈಮೇಲೆ ಹೋದರು. ಲಂಡನ್ನಿನಲ್ಲಿ ಎರಡು ಪೌಂಡ್ ದಂಡ ಬಿತ್ತು. ಫುಟ್‌ಪಾತ್ ಬಿಟ್ಟರೆ ಗಾಡಿಗೆ ದಾರಿಯೇ ಇಲ್ಲ. ಮಿಲಾನ್, ನ್ಯೂಯಾರ್ಕ್, 1820ರಲ್ಲಿ ನಮ್ಮ ಕಲ್ಕತ್ತೆಯಲ್ಲೂ ಇದೇ ಬಗೆಯ ನಿಷೇಧ.

ಮುದ್ರಾರಾಕ್ಷಸ:

ಪ್ರಿಂಟುಗಳು ದಟ್ಟವಾಗಿರುವುದು ಮಾರ್ಚ್‌ನಿಂದ ಬೇಸಿಗೆವರೆಗೆ. ಆಗಸ್ಟ್ 16ಕ್ಕೆ ಮ್ಯಾಂಚೆಸ್ಟರ್‌ನ ಪೀಟರ್‌ಲೂ ಗೋಲಿಬಾರ್ ಅಲ್ಲ, ತಪ್ಪಾಯಿತು, ಕುದುರೆ ಪಡೆ ಕತ್ತಿ ಹಿರಿದು, ಸಂಸತ್ತಿನ ಸುಧಾರಣೆ ಕೇಳಲು ಸೇರಿದ್ದ ಸಭೆಯ ಮೇಲೆ ನುಗ್ಗಿತು. ಆಮೇಲೆ ಅದೇ ಅಂಗಡಿಗಳ ಕಿಟಕಿಯಲ್ಲಿ ಕುದುರೆ ಅಂದರೆ ಬೇರೆಯೇ ಚಿತ್ರ.

ಗೆದ್ದಲು:

ತಡವಾಗಿ ಬಂದೆ. ಕೊಳ್ಳುವ ಮುನ್ನ ಹಿಂದುಗಡೆ ನೋಡಿ ಅಂತ ಯಾರೂ ಹೇಳಲಿಲ್ಲವಲ್ಲ. ಕೈಬಣ್ಣದಲ್ಲಿ ಹಸಿರಿಗೆ ತಾಮ್ರದ ಕಿಲುಬು ಬಳಸಿದ್ದರೆ ಅದು ಕಾಗದವನ್ನೇ ತಿನ್ನುತ್ತದೆ. ಮುಂದೆ ಹಸಿರು ಹುಲ್ಲು, ಹಿಂದೆ ಅದೇ ಆಕಾರದ ಕಂದು ಕಲೆ. ಇದು ಒಂದು ರೀತಿಯಲ್ಲಿ ಒಳ್ಳೆಯ ಸಾಕ್ಷಿ, ಹೊಸದಾಗಿ ಬಳಿದ ಬಣ್ಣ ಹಾಗೆ ಮಾಡಿರುವುದಿಲ್ಲ. ಕಲೆಯ ಜಾಗ ಮುಟ್ಟಿದರೆ ಪುಡಿಯಾಗಬಹುದು, ಮಡಿಸಬೇಡಿ. ಕೆಂಪು ಸೀಸದ ಬಣ್ಣವಾದರೆ ಕಪ್ಪಗಾಗುತ್ತದೆ, ಕೆನ್ನೆ ಕಪ್ಪಾದ ಡ್ಯೂಕ್ ಕಂಡರೆ ಗಾಬರಿ ಬೇಡ. ಗ್ಯಾಂಬೋಜ್ ಎಂಬ ಮರದ ಅಂಟಿನ ಹಳದಿ ಬಿಸಿಲಿಗೆ ಹಾರಿಹೋಗುತ್ತದೆ.

ನೀರಲ್ಲಿ ತೊಳೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಬಣ್ಣ ಅರಬ್ಬಿ ಗೋಂದಿನಲ್ಲಿ ಕಲಸಿದ್ದು, ಕರಗಿಹೋಗುತ್ತದೆ. ಫ್ರೇಮಿನ ಹಿಂದಿನ ಪ್ಲೈವುಡ್, ರಟ್ಟು ತೆಗೆದುಹಾಕಿ. ಅದರ ಆಮ್ಲವೇ ಅಂಚಿನ ಕಂದು ಚೌಕಟ್ಟಿಗೆ ಕಾರಣ. ಆಮ್ಲವಿಲ್ಲದ ಹತ್ತಿಯ ಬೋರ್ಡ್ ಹಾಕಿ, ಪ್ರಿಂಟನ್ನು ಜಪಾನಿ ಕಾಗದದ ಎರಡು ಸಣ್ಣ ಕೀಲಿನಿಂದ ಮೇಲಂಚಿಗೆ ಮಾತ್ರ ಗೋಧಿ ಪಿಷ್ಟದ ಅಂಟಲ್ಲಿ ನೇತುಹಾಕಿ. ಸೆಲೋಟೇಪ್ ಬೇಡವೇ ಬೇಡ. ಗಾಜು ಹಾಳೆಗೆ ತಾಗದಂತೆ ನಡುವೆ ದಪ್ಪ ಮೌಂಟ್ ಇರಲಿ. ಬೆಳಕು 50 ಲಕ್ಸ್ ಮೀರದಿರಲಿ, ಗಾಳಿಯ ತೇವ ಶೇ. 50ರ ಆಸುಪಾಸು. ಕರಾವಳಿ ಮಳೆಗಾಲದಲ್ಲಿ ಹೊರಗೋಡೆಗೆ ನೇತುಹಾಕಿದರೆ ಬೇಗ ಕಂದು ಚುಕ್ಕೆ ಏಳುತ್ತದೆ. ಒಳಗೋಡೆಗೆ ಹಾಕಿ, ಫ್ರೇಮಿನ ಹಿಂದೆ ಬೆಂಡಿನ ನಾಲ್ಕು ತುಂಡು ಅಂಟಿಸಿ ಗಾಳಿಗೆ ದಾರಿ ಬಿಡಿ.

ಹಳೇಗಾಲಿ:

ಮಾರುವವರು ಹಿಂಬದಿಯ ಫೋಟೊ ಕಳಿಸಿದ್ದಾರೆ. ಹುಲ್ಲಿನ ಜಾಗದಲ್ಲಿ ಕಂದು ನೆರಳಿದೆ. ವಾಟರ್‌ಮಾರ್ಕ್‌ನಲ್ಲಿ ಅರ್ಧ ಅಕ್ಷರ, ಕೆಳಗೆ ‘18’, ಮುಂದಿನ ಎರಡು ಅಂಕಿ ಕತ್ತರಿಯಲ್ಲಿ ಹೋಗಿವೆ.

ತಾಮ್ರಪಟ:

ಅಂಚು ಕತ್ತರಿಸಿದವನು ಅದನ್ನೂ ಬಿಡಲಿಲ್ಲ! ಈಗ ಭೂತಗನ್ನಡಿ ಹಿಡಿದು ಕೋಟೆಯ ತೆಳು ಗೆರೆಗಳ ಒಂದು ಹತ್ತಿರದ ಫೋಟೊ ಕೇಳಿ. ಅವು ಪೂರ್ತಿ ಇದ್ದರೆ ಆರಂಭದ ಅಚ್ಚು.